ದೋಣಿ ಸಮುದ್ರದಲ್ಲಿದ್ದ ತಪ್ಪಿಗೆ ಕ್ಷಮೆ ಕೋರಿ

ಕರಾವಳಿ ಸುರಕ್ಷತಾ ಇಲಾಖೆಯ ಪರಮ ಮಾನ್ಯ ನಿರ್ದೇಶಕರೇ,

ನಮ್ಮ ಸ್ವಯಂಸೇವಾ ರಕ್ಷಣಾ ದೋಣಿಯ ಆರೂ ಮಂದಿಯ ಪರವಾಗಿ ತಮಗೂ, ತಮ್ಮ ಕುರ್ಚಿಗೂ, ನಮ್ಮ ಅನುದಾನದ ಅರ್ಜಿ ಎರಡು ವರ್ಷ ಸುಖನಿದ್ರೆ ಮಾಡಿದ ತಮ್ಮ ಕಪಾಟಿಗೂ ನಮಸ್ಕಾರಗಳು. ನಾನು ಒಂಬತ್ತನೇ ತರಗತಿಯ ಅರ್ಧದಲ್ಲೇ ಶಾಲೆ ಬಿಟ್ಟವಳು. ಗ್ಯಾರೇಜಿನಲ್ಲಿ ಕೆಲಸ, ಸಮುದ್ರದಿಂದ ಕರೆ ಬಂದರೆ ದೋಣಿಯ ಎಂಜಿನ್ ನನ್ನ ಪಾಲು. ಆದ್ದರಿಂದ ಈ ಪತ್ರದಲ್ಲಿ ಎಣ್ಣೆಯ ಕಲೆಯಾಗಲಿ ಕಾಗುಣಿತದ ತಪ್ಪಾಗಲಿ ಕಂಡರೆ ಹೊಣೆ ನನ್ನೊಬ್ಬಳದೇ.

ಕಳೆದ ತಿಂಗಳು ತಮ್ಮ ಪರಿವೀಕ್ಷಕರು ಮುನ್ಸೂಚನೆಯಿಲ್ಲದೆ ನಮ್ಮ ದೋಣಿಮನೆಗೆ ಬಂದು ಬರೆದ ವರದಿಯನ್ನು ಓದಿದೆವು. ‘ಬಾಗಿಲು ತೆರೆದಿತ್ತು. ಸಿಬ್ಬಂದಿ ಇರಲಿಲ್ಲ. ದೋಣಿಯೂ ಇರಲಿಲ್ಲ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಅನುದಾನಕ್ಕೆ ಅರ್ಹರಲ್ಲ.’ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟೊಂದು ನಿಜ ಹೇಳಿದ ಸರ್ಕಾರಿ ಕಾಗದವನ್ನು ನಾನು ಕಂಡಿಲ್ಲ. ಒಲೆ ಆರಿಸದೆ ಹೋದದ್ದು ನಮ್ಮದೇ ತಪ್ಪು. ಅದನ್ನು ಆರಿಸಿ ದೋಣಿಮನೆಯನ್ನು ಉಳಿಸಿದ ಪರಿವೀಕ್ಷಕರಿಗೆ ಹೃತ್ಪೂರ್ವಕ ಧನ್ಯವಾದಗಳು. ಆ ದಿನ ಅವರೂ ಸಂಬಳದಾಚೆಗೆ ಒಂದು ಸ್ವಯಂಸೇವೆ ಮಾಡಿದರು.

ಆ ಹೊತ್ತಿನಲ್ಲಿ ನಾವು ಮಾಡುತ್ತಿದ್ದ ಅಪರಾಧವನ್ನೂ ಒಪ್ಪಿಕೊಳ್ಳುತ್ತೇನೆ. ಪ್ಲಾಸ್ಟಿಕ್ ದೋಣಿಯೊಂದರಲ್ಲಿ ಒಬ್ಬರು ಬಂಡೆಗಳ ಕಡೆಗೆ ತೇಲಿಹೋಗುತ್ತಿದ್ದರು. ಕ್ಷೌರದಂಗಡಿಯ ನಮ್ಮಪ್ಪ ಗಿರಾಕಿಯ ಒಂದು ಕೆನ್ನೆ ಬೋಳಿಸಿ ಇನ್ನೊಂದನ್ನು ನೊರೆಯಲ್ಲೇ ಬಿಟ್ಟು ಓಡಿಬಂದರು. ಆ ಗಿರಾಕಿಯೇ ನೊರೆಗೆನ್ನೆಯಲ್ಲಿ ಟ್ರ್ಯಾಕ್ಟರ್ ಹತ್ತಿ ನಮ್ಮ ದೋಣಿಯನ್ನು ನೀರಿಗಿಳಿಸಿದರು. ಎಂಜಿನ್ ಹೋಗುವಾಗ ಎರಡು ಸಲ, ಅವರನ್ನು ಹತ್ತಿಸಿಕೊಂಡು ಬರುವಾಗ ಒಂದು ಸಲ ನಿಂತಿತು. ಮೂರನೇ ಸಲ ನಿಂತಾಗ ಬಂಡೆಯ ಮೇಲಿನ ಪಾಚಿಯ ಬಣ್ಣ ಕಾಣುವಷ್ಟು ಹತ್ತಿರವಿದ್ದೆವು. ಅಪ್ಪ ಹುಟ್ಟು ಹಾಕಿದರು, ನಾನು ಎಂಜಿನ್‌ಗೆ ಪತ್ರದಲ್ಲಿ ಬರೆಯಲಾಗದ ಮಾತುಗಳನ್ನಾಡಿದೆ, ಅದು ನಾಚಿಕೊಂಡು ಹೊರಟಿತು.

ಈ ಗೈರುಹಾಜರಿಯನ್ನು ಮನ್ನಿಸಲು ರಕ್ಷಿಸಲ್ಪಟ್ಟವರ ಸಹಿಯುಳ್ಳ ಹೇಳಿಕೆ ಬೇಕೆಂದು ತಾವು ಕೇಳಿದ್ದೀರಿ. ಅವರ ಮನೆಗೇ ಹೋದೆ. ಬಾಗಿಲ ಸಂದಿಯಲ್ಲೇ ಕೈ ಮುಗಿದರು. ‘ನಿಮ್ಮ ಋಣ ಈ ಜನ್ಮದಲ್ಲಿ ತೀರಲ್ಲಮ್ಮ. ಸಹಿ ಮಾತ್ರ ಕೇಳ್ಬೇಡ. ಆಫೀಸಿನ ಲೆಕ್ಕದಲ್ಲಿ ಅವತ್ತು ನಂಗೆ ಜ್ವರ.’ ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ, ಹೇಳುವುದಿಲ್ಲ. ಅವರು ಕೆಲಸ ಮಾಡುವ ಇಲಾಖೆಯ ಬಗ್ಗೆ ಮಾತು ತೆಗೆದುಕೊಳ್ಳಲು ಮರೆತರು, ಅದು ತಮ್ಮದೇ.

ನಮ್ಮ ತಂಡದ ಲೆಕ್ಕದ ಮೇಷ್ಟ್ರು, ಒಂದು ಕಾಲದಲ್ಲಿ ನಕಲು ಮಾಡಬೇಡವೆಂದು ನನಗೆ ಬೆತ್ತ ಹಿಡಿದು ಕಲಿಸಿದವರು, ‘ಅವರ ಸಹಿ ಅಂತ ಒಂದು ಗೀಟು ಎಳೆದ್ಬಿಡು ಮಾರಾಯ್ತಿ, ಯಾರು ನೋಡ್ತಾರೆ?’ ಎಂದರು. ಶಾಲೆ ಬಿಟ್ಟರೂ ಆ ಪಾಠ ನನ್ನನ್ನು ಬಿಟ್ಟಿಲ್ಲ. ಹೇಳಿಕೆಯನ್ನು ಲಗತ್ತಿಸಿಲ್ಲ.

ಸ್ವಯಂಸೇವೆ ಎಂದಮೇಲೆ ಸರ್ಕಾರದ ದುಡ್ಡೇಕೆ ಎಂದು ತಮ್ಮ ಕಚೇರಿಯವರು ಫೋನಿನಲ್ಲಿ ಕೇಳಿದರು. ಪ್ರಶ್ನೆ ಚೆನ್ನಾಗಿದೆ. ನಮ್ಮ ರಟ್ಟೆ, ನಿದ್ದೆ, ಅರ್ಧ ಕ್ಷೌರ ಎಲ್ಲವೂ ಪುಕ್ಕಟೆ. ಎಂಜಿನ್ ಮಾತ್ರ ಸ್ವಯಂಸೇವಕನಲ್ಲ. ನಮ್ಮಲ್ಲೇ ಬೇಕರಿಯ ಅತ್ತೆಗೆ ತಮ್ಮ ಹಣ ಬೇಡವೇ ಬೇಡ. ‘ಇವತ್ತು ಎಂಜಿನ್ ಕೊಡ್ತಾರೆ, ನಾಳೆ ಹಾಜರಿ ಪುಸ್ತಕ ಕೊಡ್ತಾರೆ. ಆಮೇಲೆ ಮುಳುಗೋರು ಮೂರು ಪ್ರತಿ ಅರ್ಜಿ ಹಾಕ್ಬೇಕು’ ಎನ್ನುತ್ತಾರೆ. ತಮ್ಮ ವರದಿ ಓದಿದ ಮೇಲೆ ಅವರಿಗೆ ಎದುರುತ್ತರ ಕೊಡಲು ನನಗೆ ತುಸು ಕಷ್ಟವಾಗಿದೆ. ಆದರೂ ಅವರ ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ದೋಣಿಗೆಂದು ಇಟ್ಟ ಚಿಲ್ಲರೆ ಡಬ್ಬಿಯಿಂದ ಎಂಜಿನ್ ಹುಟ್ಟುವುದಿಲ್ಲ.

ಹಾಗಾಗಿ ವಿನಮ್ರ ಮನವಿ. ಪರಿವೀಕ್ಷಣೆಯ ವೇಳೆಯಲ್ಲಿ ಯಾರೂ ಮುಳುಗತಕ್ಕದ್ದಲ್ಲ ಎಂದು ತಾವು ಸುತ್ತೋಲೆ ಹೊರಡಿಸಬೇಕು. ಅದರ ಒಂದು ಪ್ರತಿಯನ್ನು ಅಲೆಗಳಿಗೂ ಕಳಿಸಬೇಕು. ಅದಾಗದಿದ್ದರೆ ನಮಗೆ ಎರಡು ದೋಣಿ ಮಂಜೂರು ಮಾಡಬೇಕು. ಒಂದು ಸಮುದ್ರಕ್ಕೆ, ಇನ್ನೊಂದು ತೋರಿಸುವುದಕ್ಕೆ. ತೋರಿಸುವ ದೋಣಿಗೆ ಎಂಜಿನ್ ಬೇಡ, ಬಣ್ಣ ಸಾಕು. ಅದೂ ಆಗದಿದ್ದರೆ, ಕೊನೆಯದಾಗಿ, ಒಂದು ಎಂಜಿನ್.

ಹಣ ಕೊಡದಿದ್ದರೆ ದೋಣಿ ನಿಲ್ಲಿಸುತ್ತೇವೆ ಎಂದು ಬರೆ ಅಂತ ಎಲ್ಲರೂ ಹೇಳಿದರು. ಸುಳ್ಳು ಬರೆಯಲಾರೆ. ಕರೆ ಬಂದರೆ ಹೋಗಿಯೇ ಹೋಗುತ್ತೇವೆ. ಇದನ್ನೋದಿ ತಾವು ನಿಶ್ಚಿಂತೆಯಿಂದ ಅರ್ಜಿಯನ್ನು ಮತ್ತೆ ಕಪಾಟಿನಲ್ಲಿಡಬಹುದೆಂದು ಗೊತ್ತು. ಆದರೆ ಹೋಗುವುದಷ್ಟೇ ನಮ್ಮ ಕೈಯಲ್ಲಿದೆ. ಮರಳಿ ಬರುವುದು ಎಂಜಿನ್ ಕೈಯಲ್ಲಿ, ಎಂಜಿನ್ ತಮ್ಮ ಕೈಯಲ್ಲಿ. ದೋಣಿಯ ಮುಂದಿನ ತುದಿಯಲ್ಲಿ ಕೂರುವವರು ನಮ್ಮಪ್ಪ.

ಇತಿ, ಎಂಜಿನ್ ಬಿಚ್ಚಿ ಕಟ್ಟಿ ಗುಳ್ಳೆ ಎದ್ದ ಕೈಯಿಂದಲೇ ಬರೆದ,
ತಮ್ಮ ವಿಶ್ವಾಸಿ,
ದೋಣಿಯ ಎಂಜಿನ್ ನೋಡಿಕೊಳ್ಳುವವಳು

ಮರೆತ ಮಾತು: ಮುಂದಿನ ಸಲ ಪರಿವೀಕ್ಷಕರು ಬಂದಾಗ ಆರೂ ಮಂದಿ ಸಾಲಾಗಿ ಕೂತಿದ್ದು, ದೋಣಿಯೂ ಸ್ವಸ್ಥಾನದಲ್ಲಿದ್ದರೆ, ತಕ್ಷಣ ‘ತೃಪ್ತಿಕರ’ ಎಂದು ಬರೆಯಬೇಡವೆಂದು ದಯವಿಟ್ಟು ಅವರಿಗೆ ಹೇಳಿ. ಒಮ್ಮೆ ಸಮುದ್ರದ ಕಡೆ ನೋಡಲಿ, ಅಲ್ಲಿ ಯಾರಾದರೂ ಕೈ ಬೀಸುತ್ತಿದ್ದಾರೆಯೇ ಎಂದು. ಎಂಜಿನ್ ಸ್ಟಾರ್ಟ್ ಆಗದೆ ನಾವು ಕೂತಿರಬಹುದು.