ಖಂಡೇಪೂಜೆಗೆ ಕೂತ ಏರ್‌ಗನ್

ಪಂಪಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ಬಿಚ್ಚಿ ಜೋಡಿಸಿದ ನನಗೆ, ಮಗಳಿಗೊಂದು ಸ್ಪ್ರಿಂಗ್ ಏರ್‌ಗನ್ ಆರಿಸುವುದು ಯಾವ ಮಹಾ ಕೆಲಸ! ಹದಿಮೂರರ ಗೌರಿ ದಸರೆ ಮುಗಿದ ಮೂರನೇ ದಿನ ಬೆಳಗಾವಿಯಲ್ಲಿ ಶೂಟಿಂಗ್ ಆಯ್ಕೆಗೆ ನಿಲ್ಲಬೇಕಿತ್ತು. ನಿಪ್ಪಾಣಿಯ ಅಂಗಡಿಯಲ್ಲಿ ಅವಳು ತನ್ನ ಕೈಗೆ ಹೊಂದುವ ಹಗುರದ್ದನ್ನು ತೋರಿಸಿದಳು. ನಾನು ಒಪ್ಪಲಿಲ್ಲ. ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯಲು ಯಾವುದಕ್ಕೆ ಹೆಚ್ಚು ತಿಣುಕಬೇಕೋ ಅದೇ ಹೆಚ್ಚು ಬಾಳಿಕೆಯದು ಎಂಬುದು ನನ್ನ ಸಿದ್ಧಾಂತ. ಅಂಗಡಿಯವನಿಗೇ ಬೆವರು ಬಂದದ್ದನ್ನು ಆರಿಸಿದೆ. ಬಿಗಿದು ಬಹಳ ಹೊತ್ತು ಇಡಬೇಡಿ ಎಂದು ಅವನು ಮರಾಠಿಯಲ್ಲಿ ಹೇಳಿದ. ನನಗೇ ಪಾಠವೇ ಎಂದು ನಕ್ಕೆ.

ಮರುದಿನ ಖಂಡೇಪೂಜೆ, ಅಂದರೆ ನಮ್ಮ ಕಡೆಯ ಆಯುಧಪೂಜೆ. ಅಲಖನೂರಿನ ನಮ್ಮ ಮನೆಯಲ್ಲಿ ಕುಡಗೋಲು, ಕೊಡಲಿಗಳ ಜೊತೆ ಬಂದೂಕನ್ನೂ ನವರಾತ್ರಿಯ ಘಟದ ಮುಂದಿಟ್ಟೆ. ಸಡಿಲ ಬಿಟ್ಟ ಆಯುಧವನ್ನು ದೇವಿಗೆ ಒಪ್ಪಿಸುವುದೇ? ಗುಂಡು ಹಾಕದೆ ಸ್ಪ್ರಿಂಗ್ ಮಾತ್ರ ಬಿಗಿದಿಟ್ಟೆ. ಪೂಜೆಗಿಟ್ಟದ್ದನ್ನು ಮಾರನೆಯ ದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ.

ಮಧ್ಯಾಹ್ನ ಊಟವಾಗಿ ಅವ್ವ, ಹೆಂಡತಿ, ಗೌರಿ, ನಾನು ಪಡಸಾಲೆಯಲ್ಲಿ ಕೂತಿದ್ದೆವು. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಯಾರೂ ಇಲ್ಲದ ದೇವರ ಕೋಣೆಯಲ್ಲಿ 'ಕಿರ್ರ್' ಎಂದಿತು. ಸ್ವಲ್ಪ ತಡೆದು ಮತ್ತೆ 'ಕಿರ್ರ್'. ಅವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು.

"ನಿಮ್ಮಪ್ಪ ಬಂದಾರ," ಅಂದಳು ಮೆಲ್ಲಗೆ.

ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ನಾನು ದಡಬಡಿಸಿ ಎದ್ದೆ. ದೇವರ ಕೋಣೆಯ ಹೊಸ್ತಿಲಲ್ಲಿ ಕೈಮುಗಿದು ನಿಂತು, ಅವರ ಎತ್ತು ಮಾರಿದ್ದು, ಮಾವಿನ ಗಿಡ ಕಡಿಸಿದ್ದು, ವರ್ಷಾಂತಿಕಕ್ಕೆ ಹೋಳಿಗೆಯನ್ನು ಅಂಗಡಿಯಿಂದ ತಂದದ್ದು, ಎಲ್ಲ ತಪ್ಪನ್ನೂ ಒಪ್ಪಿಕೊಂಡೆ. ಹೋಳಿಗೆಯ ವಿಷಯ ಅವ್ವನಿಗೂ ಗೊತ್ತಿರಲಿಲ್ಲ!

ಠಪ್! ಕಣ್ಣೆದುರೇ ನಂದಾದೀಪ ಆರಿತು. ಹೊಗೆ ಎಳೆಯಾಗಿ ಮೇಲೇರಿತು.

ಅವ್ವ ಮೊಮ್ಮಗಳನ್ನು ತಬ್ಬಿಕೊಂಡಳು. "ಇದು ಛಲೋ ಅಲ್ಲ. ಹುಡುಗೀನ ಬೆಳಗಾವಿಗೆ ಕಳಸೂದ ಬ್ಯಾಡ."

ನನಗೂ ಹೌದೆನ್ನಿಸಿತು. ಇಡೀ ವರ್ಷ ಈ ಆಯ್ಕೆಗೆಂದೇ ಕಲಿತ ಗೌರಿ ಅಳಲಿಲ್ಲ. ಎದ್ದು ಬಂದು ಬಂದೂಕನ್ನೇ ನೋಡಿದಳು. ಅದರ ಬಾಯಿ ನೆಟ್ಟಗೆ ದೀಪದ ಕಡೆಗಿತ್ತು.

"ಅಪ್ಪಾ, ಅದನ್ನ ಬಿಗದ ಇಟ್ಟೀಯೇನ?"

ಇಲ್ಲ ಎಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಅವಳ ಆಯ್ಕೆ ಹೋಗುತ್ತಿತ್ತು. ಅವಳ ಮುಖ ನೋಡಿದೆ. ಹೌದು, ನಾನೇ ಬಿಗಿದಿಟ್ಟೆ ಎಂದೆ. ಅಷ್ಟು ಹೊತ್ತು ಬಿಗಿದಿದ್ದ ಸ್ಪ್ರಿಂಗ್ ಕಿರ್ರೆನ್ನುತ್ತ ತಾನಾಗಿ ಜಾರಿ, ಗಾಳಿ ಹಾರಿಸಿ ದೀಪ ಆರಿಸಿತ್ತು.

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಸೊಸೆಯತ್ತ ತಿರುಗಿ, "ಹುಡುಗಿ ಹೋಗ್ಲಿ. ನಿನ್ನ ಗಂಡನ್ನ ಮಾತ್ರ ಕರಕೊಂಡ ಹೋಗಬ್ಯಾಡ," ಅಂದಳು.

ತಾಯಿ ಮಗಳು ನಿಪ್ಪಾಣಿಗೆ ಹೋಗಿ ಆ ಹಗುರದ್ದನ್ನೇ ತಂದರು. ಬೆಳಗಾವಿಗೆ ಹೊರಟ ದಿನ ಹಾರೂಗೇರಿ ಬಸ್‌ಸ್ಟ್ಯಾಂಡಿನ ತನಕ ನಾನೂ ಹೋದೆ. ಗೌರಿ ಬಟ್ಟೆಚೀಲ, ಬುತ್ತಿ, ನೀರಿನ ಬಾಟಲಿ ಎಲ್ಲವನ್ನೂ ನನ್ನ ಕೈಗೆ ಕೊಟ್ಟಳು. ಬಂದೂಕನ್ನು ಮಾತ್ರ ಮುಟ್ಟಗೊಡಲಿಲ್ಲ.