ಅನುಮತಿಯಿಲ್ಲದೆ ಸೇರಿಕೊಂಡ ಪ್ರೋಟೀನು

ಎರಡು ವಸ್ತುಗಳು ತಮ್ಮಷ್ಟಕ್ಕೆ ತಾವೇ ಒಂದಾಗುವುದು ಆ ಸಂಶೋಧನಾಲಯದ ನಿಯಮಾವಳಿಗೆ ವಿರುದ್ಧವಾಗಿತ್ತು. ಕುರ್ಚಿಗೆ ಕಾಲು ಕೂರಿಸುವುದಿರಲಿ, ಸೂಕ್ಷ್ಮದರ್ಶಕಕ್ಕೆ ಮಸೂರ ಕೂರಿಸುವುದಿರಲಿ, ಜೋಡಣಾ ವಿಭಾಗದವರೇ ಬರಬೇಕು. ಅಲ್ಲಿಯವರೆಗೆ ಕುರ್ಚಿಯೂ ಕಾಯಬೇಕು, ಕೂರುವವರೂ ಕಾಯಬೇಕು.

ಹೀಗಿರುವಾಗ ಮೇಲಿನ ಮಹಡಿಯ ವಿಜ್ಞಾನಿ ಮೇಡಂ ಒಂದು ಪ್ರೋಟೀನು ತಯಾರಿಸಿದರು. ತಣ್ಣಗಿದ್ದರೆ ನೀರಿನ ಹಾಗೆ; ಮೈಶಾಖ ತಗುಲಿತೋ, ಅದರ ಎಳೆಗಳು ಒಂದನ್ನೊಂದು ಹುಡುಕಿಕೊಂಡು, ಹೆಣೆದುಕೊಂಡು, ಅಂಟಾಗಿ ಗಾಯ ಮುಚ್ಚುತ್ತವೆ. ‘ತಾನಾಗಿಯೇ ಜೋಡಣೆಯಾಗುತ್ತದೆ’ ಎಂದು ಮೇಡಂ ಹೆಮ್ಮೆಯಿಂದ ವರದಿ ಕೊಟ್ಟರು.

ಜೋಡಣಾ ವಿಭಾಗದ ಮೇಲ್ವಿಚಾರಕರು ಆ ವರದಿಯನ್ನು ಎರಡೆರಡು ಸಲ ಓದಿದರು. ಎಲ್ಲವೂ ತಾನಾಗಿಯೇ ಸೇರಿಕೊಂಡರೆ ವಿಭಾಗಕ್ಕೆ ಬೀಗವೇ ಗತಿ!

“ಇಷ್ಟು ವರ್ಷ ನೀವು ಮಾಡಿದ್ದನ್ನ ಆ ಅಂಟು ಚಿಟಿಕೆ ಹೊಡೆಯೋದ್ರಲ್ಲಿ ಮಾಡುತ್ತಂತಲ್ರೀ?” ಎಂದಳು ಮನೆಯಲ್ಲಿ ಅವರ ಹೆಂಡತಿ. ಆ ಗಾಯಕ್ಕೆ ಮಾತ್ರ ಯಾವ ಅಂಟೂ ಇರಲಿಲ್ಲ.

ನಿರ್ದೇಶಕರ ಕೊಠಡಿಯಲ್ಲಿ ಪ್ರಾತ್ಯಕ್ಷಿಕೆ ಏರ್ಪಾಡಾಯಿತು; ಮೇಲ್ವಿಚಾರಕರೂ ಬಂದರು. ಮೇಡಂ ತಂದ ಬಿಸಿನೀರಿನ ಪಾತ್ರೆಯನ್ನು ಬಾಗಿಲಲ್ಲೇ ತಡೆಯಲಾಯಿತು; ಒಳಗೆ ಪಾತ್ರೆ ಒಯ್ಯುವ ಅಧಿಕಾರ ಕ್ಯಾಂಟೀನಿನವರಿಗೆ ಮಾತ್ರ. ಒಳಗೋ, ಸ್ವೆಟರ್ ಹಾಕಿಕೊಂಡು ಸಹಿ ಮಾಡುವಷ್ಟು ಚಳಿ. ಗಾಜಿನ ಕೊಳವೆಯಲ್ಲಿದ್ದ ಪ್ರೋಟೀನು ನೀರಾಗಿಯೇ ಉಳಿಯಿತು.

“ಏನಮ್ಮಾ, ಸೇರ್ತಾನೇ ಇಲ್ವಲ್ಲ?” ಎಂದರು ನಿರ್ದೇಶಕರು.

“ಸರ್, ಎಸಿ ಆರಿಸಿದ್ರೆ...”

“ಅದು ನನ್ನ ದರ್ಜೆಗೆ ಮಂಜೂರಾದ ಎಸಿ ಕಣಮ್ಮ.”

ಮೇಲ್ವಿಚಾರಕರು ತಮ್ಮ ಅನ್ನಕ್ಕೆ ಕಲ್ಲು ಹಾಕಲು ಬಂದ ಆ ಕೊಳವೆಯನ್ನು ಎತ್ತಿ, ಕತ್ತು ಹಿಸುಕುವವರ ಹಾಗೆ ಮುಷ್ಟಿಯಲ್ಲಿ ಬಿಗಿಹಿಡಿದರು. ಕೈ ಬಿಚ್ಚಿ ನೋಡಿದರೆ ಒಳಗೆ ಗಟ್ಟಿ ಅಂಟು!

“ನೋಡಿ, ಹಿರಿಯರು ಕೈಹಾಕಿದ ಕೂಡಲೇ ದಾರಿಗೆ ಬಂತು!” ಎಂದರು ನಿರ್ದೇಶಕರು.

“ಸರ್, ಅದು ಕೈಯ ಬಿಸಿಗೆ!”

“ಅದನ್ನೇ ಅನುಭವ ಅನ್ನೋದು ಮೇಡಂ,” ಎಂದರು ಮೇಲ್ವಿಚಾರಕರು ವಿನಯದಿಂದ.

ಮರುದಿನ ಸುತ್ತೋಲೆ ಹೊರಟಿತು: ‘ಸದರಿ ಪ್ರೋಟೀನು ಮೇಲ್ವಿಚಾರಣೆಯಿಲ್ಲದೆ ಸ್ವಇಚ್ಛೆಯಿಂದ ಜೋಡಣೆಯಾಗತಕ್ಕದ್ದಲ್ಲ. ಆದಲ್ಲಿ, ತಣ್ಣಗೆ ಮಾಡಿ ಬಿಡಿಸಿ, ನಿಯಮಾನುಸಾರ ಮರುಜೋಡಣೆ ಮಾಡತಕ್ಕದ್ದು.’

ವಿಭಾಗ ಉಳಿಯಿತು, ಉಳಿದದ್ದಷ್ಟೇ ಅಲ್ಲ, ಚಿಗುರಿತು. ಗಾಯಾಳುಗಳೆಲ್ಲ ಅಂಟು ಹಾಕಿಸಿಕೊಳ್ಳಲು ಅಲ್ಲಿಗೇ ಬರತೊಡಗಿದರು.

ಮೊನ್ನೆ ಗಾಜು ತಗುಲಿ ಮೇಡಂ ಅವರದೇ ಬೆರಳು ಕುಯ್ದುಹೋಯಿತು. ಸಹಾಯಕಿ ಅಂಟು ಸುರಿದದ್ದೇ ತಡ, ಅದು ಗಟ್ಟಿಯಾಗಿ ರಕ್ತ ನಿಂತಿತು.

“ಅಯ್ಯೋ, ಮೇಲ್ವಿಚಾರಕರು ಇಲ್ಲದಾಗ ಸೇರಿಬಿಡ್ತಲ್ಲೇ!” ಎಂದು ಮೇಡಂ ಗಾಬರಿಯಿಂದ ಬೆರಳನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ, ಅಂಟು ಕರಗಿಸಿ, ರಕ್ತ ತೊಟ್ಟಿಕ್ಕಿಸುತ್ತಾ ಕೆಳಗಿನ ಜೋಡಣಾ ವಿಭಾಗಕ್ಕೆ ಇಳಿದರು.

“ಸ್ವಲ್ಪ ಕೂತಿರಿ ಮೇಡಂ,” ಎಂದರು ಮೇಲ್ವಿಚಾರಕರು. “ನಿಮಗಿಂತ ಮುಂಚೆ ಎರಡು ಹೆಬ್ಬೆರಳು, ಒಂದು ಮೊಣಕಾಲು ಇದೆ.”

“ನಿಧಾನಕ್ಕೆ ಆಗಲಿ ಸರ್,” ಎಂದು ಮೇಡಂ ಬೆಂಚಿನ ಮೇಲೆ ಜಾಗ ಮಾಡಿಕೊಂಡರು. “ಸರಿಯಾಗಿ ಸೇರೋದು ಮುಖ್ಯ.”