ಅಶ್ವಿನಿಯ ಗುಳಿಗೆ, ಪಾರ್ವತಿಬಾಯಿಯ ಚಿಕಿತ್ಸೆ

ಪಾರ್ವತಿಬಾಯಿಗೆ ಸಿಟ್ಟು ಬಂದದ್ದು ಮೊಮ್ಮಗಳ ರೋಗದ ಮೇಲಲ್ಲ, ಅದರ ಹೆಸರಿನ ಮೇಲೆ. ಎಡಿಎಚ್‌ಡಿ ಅಂತೆ. ರೋಗವೆಂದರೆ ಸಂಧಿವಾತ, ಅಜೀರ್ಣ ಎಂದು ಬಾಯಿತುಂಬ ಇರಬೇಕು. ಇದು ಲಾರಿಯ ನಂಬರಿನಂತಿದೆ.

ಮೊಮ್ಮಗಳು ಅಶ್ವಿನಿಗೆ ಇಪ್ಪತ್ತೇಳು ವರ್ಷ. ಸಂಭಾಜಿನಗರದಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಶನಿವಾರ ನಾಶಿಕಕ್ಕೆ, ಪಂಚವಟಿಯ ಈ ಮನೆಗೆ ಬರುತ್ತಾಳೆ. ಮನೆಯಲ್ಲಿ ಮಗ, ಸೊಸೆ ಇಲ್ಲವೆಂದಲ್ಲ. ಆದರೆ ಪಾರ್ವತಿಬಾಯಿ ತಮ್ಮ ತವರೂರು ಭಾಲ್ಕಿಯ ಮದುವೆಯೊಂದರ ಕತೆ ತೆಗೆದರೆ (ಬೀಗರ ಪೇಟವನ್ನು ಎಮ್ಮೆ ಮೆಲುಕು ಹಾಕಿದ ಮದುವೆ, ಅದಿರಲಿ) ಮಗ ಫೋನಿನೊಳಗೆ ಹೋಗುತ್ತಾನೆ, ಸೊಸೆ ಕುಕ್ಕರಿನ ಕಡೆ. ಕೊನೆತನಕ ಕೇಳುವವಳು ಅಶ್ವಿನಿ ಒಬ್ಬಳೇ. ನಡುವೆ ಅವಳೂ ಬೇರೊಂದು ಕತೆ ಎತ್ತುತ್ತಾಳೆ. ಎಮ್ಮೆಯಿಂದ ಹೊರಟವರು ವಿಮಾನಕ್ಕೆ ಬಂದು ಮುಟ್ಟುತ್ತಾರೆ.

ಈ ಸಲ ಅವಳ ಚೀಲದಿಂದ ಗುಳಿಗೆ ಹೊರಬಂತು. ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಅದಕ್ಕೆ ಡಾಕ್ಟರು ಕೊಟ್ಟದ್ದು ಎಂದಳು. ಪಾರ್ವತಿಬಾಯಿ ನಕ್ಕುಬಿಟ್ಟರು. ಅದು ಸಣ್ಣ ಹುಡುಗರ ತುಂಟತನ, ಮೊಬೈಲು ಬಿಟ್ಟರೆ ಹೋಗುತ್ತದೆ. ಸಂಜೆ ಭಜನೆಯ ಗೆಳತಿ ಭುವನೇಶ್ವರಿಗೂ ನಗುತ್ತಲೇ ಹೇಳಿದರು. ಆಕೆ ಮಾತ್ರ ದನಿ ತಗ್ಗಿಸಿ, ಅದು ಹುಚ್ಚಿನ ಗುಳಿಗೆ, ಗಂಡು ಸಿಗುವುದು ಕಷ್ಟ ಎಂದಳು.

ಆಗ ಪಾರ್ವತಿಬಾಯಿಗೆ ಮಹಾನ್ ಉಪಾಯ ಹೊಳೆಯಿತು: ಇಷ್ಟಲಿಂಗ ಪೂಜೆ. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ನೆಟ್ಟ ನೋಟ. ಮನಸ್ಸು ನಿಲ್ಲಿಸಲು ಇದು ಬಿಟ್ಟು ಬೇರೆ ಔಷಧಿ ಯಾಕೆ? ಮರುದಿನ ಮುಂಜಾನೆ ಅಶ್ವಿನಿ ಸ್ನಾನಕ್ಕೆ ಹೋದಾಗ ಗುಳಿಗೆಯನ್ನು ಬಚ್ಚಿಟ್ಟರು.

ಅಜ್ಜಿ, ಮೊಮ್ಮಗಳು ಎದುರುಬದುರು ಕೂತರು. ಪಾರ್ವತಿಬಾಯಿ ಹಾಲಿನವನಿಗೆ ಬಾಗಿಲು ತೆಗೆಯಲು ಒಮ್ಮೆ ಎದ್ದರು, ಮೆಂತ್ಯಸೊಪ್ಪಿನವಳ ಕೂಗಿಗೆ ಒಮ್ಮೆ, ಯಾಕೆ ಎದ್ದೆ ಎಂದು ನೆನೆಯಲು ಒಮ್ಮೆ. ಅಶ್ವಿನಿ ಮಾತ್ರ ಅರ್ಧ ತಾಸು ಲಿಂಗದಿಂದ ಕಣ್ಣು ಕೀಳಲಿಲ್ಲ.

"ನೋಡು, ರೋಗ ಹೋಯ್ತು," ಎಂದು ಅಜ್ಜಿ ಬೀಗಿದರು.

"ಒಲಿ ಮ್ಯಾಲ ಚಹಾ ಇಟ್ಟಿದ್ದೆ ಅಜ್ಜಿ. ಪಾತೇಲಿ ಸುಟ್ಟು ಕರ್ರಗಾಗ್ಯದ. ನಂಗ ವಾಸನಿನೂ ಬರಲಿಲ್ಲ. ಒಂದಕ್ಕ ಅಂಟಿದ್ರ ಮನಸ್ಸು ಬಿಡಂಗಿಲ್ಲ, ಅದೂ ಇದೇ ರೋಗ. ಹಿಂಗೇ ಆಗಿ ಹೋದ ತಿಂಗಳ ಕೆಲಸ ಹೋಗೋದಿತ್ತು. ನನ್ನ ಗುಳಿಗಿ ನೀನೇ ತಗೊಂಡೀದಿ, ಕೊಡು. ಇಲ್ಲಾಂದ್ರ ನಾ ಇನ್ನ ಬರಂಗಿಲ್ಲ."

ಪಾರ್ವತಿಬಾಯಿ ಕೊಡೋಣವೆಂದು ಎದ್ದರು. ಎಲ್ಲಿಟ್ಟಿದ್ದೆ?

ಹಾಸಿಗೆ ಕೊಡವಿದರು, ಟ್ರಂಕು ತೆಗೆದರು. ದೀಪಾವಳಿಗೆ ಕಳೆದ ಕನ್ನಡಕ ಸಿಕ್ಕಿತು. ಸೊಸೆಯೇ ಕಳೆದಳೆಂದು ಜಗಳವಾಡಿದ್ದ ಕತ್ತರಿಯೂ ಸಿಕ್ಕಿತು. ಹಳೆಯ ಲಗ್ನಪತ್ರಿಕೆಯೊಂದು ಸಿಕ್ಕಿ, ಅದನ್ನು ಓದುತ್ತ ಕೂತೇಬಿಟ್ಟರು. ತಲೆ ಎತ್ತಿದರೆ ಅಶ್ವಿನಿ ಅವರನ್ನೇ ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಅಜ್ಜಿ, ನಿಂಗ ಯಾವಾಗಿಂದ ಹಿಂಗ?"

"ಹುಟ್ಟಿದಾಗಿಂದ," ಎಂದುಬಿಟ್ಟರು ಪಾರ್ವತಿಬಾಯಿ.

ಮದುವೆಯಾದ ಅರವತ್ತು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅತ್ತೆಮನೆಯಲ್ಲಿ ಅರೆಹುಚ್ಚಿ ಎಂದು ಹೆಸರಿಟ್ಟಿದ್ದರು, ಅಷ್ಟೆ. "ಮಂದಿ ನಗೂಕಿಂತ ಮೊದಲ ನಾನೇ ನಕ್ಕಬಿಡ್ತಿದ್ದೆ ತಂಗಿ. ಆವಾಗ ಅವರು ನನ್ನ ಜೋಡಿ ನಕ್ಕಂಗ ಆಗ್ತಿತ್ತು."

ಅಶ್ವಿನಿ ಅಡುಗೆಮನೆಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿಗೆ ಕೈಹಾಕಿ ಗುಳಿಗೆ ತೆಗೆದಳು. ಹೇಗೆ ತಿಳಿಯಿತೆಂದು ಕೇಳಿದರೆ, ನಾನೂ ಅಲ್ಲೇ ಇಟ್ಟು ಮರೆಯುತ್ತಿದ್ದೆ ಎಂದಳು. ಹೊರಡುವಾಗ ಹೇಳಿ ಹೋದಳು: ಮುಂದಿನ ಸಲ ಅಜ್ಜಿಯನ್ನೂ ಡಾಕ್ಟರಿಗೆ ತೋರಿಸಬೇಕು.

ಸೋಮವಾರ ಭಜನೆಯಲ್ಲಿ ಭುವನೇಶ್ವರಿ ಹತ್ತಿರ ಸರಿದು, ಹುಡುಗಿಯ ಹುಚ್ಚು ಹೇಗಿದೆ ಎಂದು ಪಿಸುಗುಟ್ಟಿದಳು. ಪಾರ್ವತಿಬಾಯಿ ಎಂದಿನಂತೆ ಮೊದಲು ನಗಲು ಬಾಯಿ ತೆರೆದರು. ನಗು ಬರಲಿಲ್ಲ.

"ಆಕಿಗಷ್ಟ ಅಲ್ರಿ," ಎಂದರು, "ನನಗೂ ಅದೇ ಇರಬೇಕು."

ಭುವನೇಶ್ವರಿ ಬೆನ್ನುನೋವಿನ ನೆಪ ಹೇಳಿ ಗೋಡೆ ಕಡೆ ಹೋದಳು. ಅದೇ ಚಾಪೆಯ ಮೇಲಿದ್ದ ಉಳಿದಿಬ್ಬರಿಗೂ ಬೆನ್ನು ನೋಯತೊಡಗಿತು. ಇಡೀ ಚಾಪೆ ಪಾರ್ವತಿಬಾಯಿಯದಾಯಿತು. ಕಾಲು ಚಾಚಲು ಜಾಗವೇನೋ ಚೆನ್ನಾಗಿತ್ತು. ಅಶ್ವಿನಿ ಬರುವ ಶನಿವಾರಕ್ಕೆ ಇನ್ನೂ ಹನ್ನೆರಡು ದಿನವಿತ್ತು.